ಗೇಟಿಗೆ ಅಡ್ಡ ನಿಂತ ಕಾರು

“ಭಾನುವಾರ ನನ್ನ ನೋಡೋಕೆ ಹುಡುಗನ ಕಡೆಯವರು ಬರ್ತಿದ್ದಾರೆ,” ಎಂದು ಬಿಂದುಶ್ರೀ ಹೇಳಿದಾಗ ಹನುಮೇಶ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅವಳ ಮುಖ ನೋಡಿದ. ಕಣ್ಣು ತಗ್ಗಿಸಿದ. ಮತ್ತೆ ನೋಡಿದ. ಈಗ ಹೇಳುತ್ತಾನೆ, ಈಗ ಹೇಳಿಯೇ ಬಿಡುತ್ತಾನೆ ಎಂದು ಅವಳು ಉಸಿರು ಬಿಗಿಹಿಡಿದು ನಿಂತಳು.

“ಹಂಗಾರ ಅವತ್ತು ನನ್ನ ಕಾರು ಹೊರಗ ನಿಲ್ಲಸ್ತೀನ್ರಿ ಮೇಡಂ. ಅವರ ಗಾಡಿ ಒಳಗ ಬರಬೇಕಲ್ರಿ,” ಎಂದ.

ಇಂಥವನನ್ನು ಪ್ರೀತಿಸಿ ಯಾವ ಸುಖ? ಬಿಂದುಶ್ರೀ ಅಂದು ಊಟ ಬಿಟ್ಟಳು. ಬಿಟ್ಟದ್ದು ದುಃಖಕ್ಕಲ್ಲ, ಸಿಟ್ಟಿಗೆ.

ಹನುಮೇಶ ಕೊಪ್ಪಳದ ಕಡೆಯವನು. ಅವಳಪ್ಪ ಗೋಪಾಲಪ್ಪ ವರ್ತೂರಿನ ತಮ್ಮ ಹೊಲದಲ್ಲಿ ಕಟ್ಟಿಸಿದ ಬಿಲ್ಡಿಂಗಿನಲ್ಲಿ ಮೇಲಿನ ಬಾಡಿಗೆ ರೂಮು ಅವನದು. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಟೆಸ್ಟ್ ಮಾಡುವ ಕೆಲಸ. ಭಾನುವಾರ ಬಂತೆಂದರೆ ತನ್ನ ಹಳೆಯ ಕೆಂಪು ಕಾರನ್ನು ಕಾಂಪೌಂಡಿನಲ್ಲಿ ಜಾಕ್ ಹೊಡೆದು ಎತ್ತಿ, ಅದರ ಅಡಿಗೆ ನುಗ್ಗುವುದು ಅವನ ಹುಚ್ಚು. ಜಾಕ್ ಜಾರಿದರೆ ಇರಲಿ ಎಂದು ಪಕ್ಕದಲ್ಲೊಂದು ಹಾಲೋ ಬ್ಲಾಕ್ ಇಟ್ಟುಕೊಳ್ಳುತ್ತಿದ್ದ. ಮನೆ ಕಟ್ಟಿ ಮಿಕ್ಕ ಬ್ಲಾಕುಗಳಿಗೆ ವರ್ತೂರಿನಲ್ಲಿ ಬರವೇ?

ಬಿಂದುಶ್ರೀ ಫ್ಯಾಕ್ಟರಿಯೊಂದರಲ್ಲಿ ಸೇಫ್ಟಿ ಆಫೀಸರ್. ವಾರವಿಡೀ ಹೆಲ್ಮೆಟ್ ಹಾಕಿ, ಬೂಟು ಹಾಕಿ ಎಂದು ಗಂಟಲು ಹರಿದುಕೊಂಡವಳಿಗೆ ರಜೆಯ ದಿನ ಮನೆಯಲ್ಲೂ ಅದೇ ಕರ್ಮ. “ಆ ಬ್ಲಾಕ್ ಒಳಗೆ ಟೊಳ್ಳು ಕಣ್ರೀ. ಭಾರ ಬಿದ್ರೆ ಹೇಳ್ದೆ ಕೇಳ್ದೆ ಪುಡಿ ಆಗತ್ತೆ,” ಎಂದು ಬೈಯಲು ಕೆಳಗಿಳಿದು ಬಂದವಳು ಸಂಜೆಯವರೆಗೂ ಅಲ್ಲೇ ಇರುತ್ತಿದ್ದಳು. ಬಾನೆಟ್ಟಿನ ಆಚೆ ಅವನು, ಈಚೆ ಇವಳು.

ಬೈಸಿಕೊಳ್ಳುವಾಗ ಅವನು ತಲೆ ತಗ್ಗಿಸಿಕೊಂಡೇ ರೆಪ್ಪೆಯ ಸಂದಿಯಿಂದ ಒಮ್ಮೆ ನೋಡುತ್ತಿದ್ದ. ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು. ಆ ನಗುವಿಗಾಗಿ ಅವಳು ಇನ್ನೊಂದು ತಪ್ಪು ಹುಡುಕುತ್ತಿದ್ದಳು. ಅವಳಿಗೆ ಅವನೆಂದರೆ ಪ್ರಾಣ. ತನಗೂ ಹಾಗೆಯೇ ಎಂದು ಅವನ ಕಣ್ಣು ಹೇಳುತ್ತಿತ್ತು, ಬಾಯಿ ಮಾತ್ರ ಮೇಡಂ ಎನ್ನುವುದರಾಚೆಗೆ ಹೋಗುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ, ಮಾತು ಕೊಟ್ಟಂತೆ ಮಹಾರಾಯ ಕಾರು ತೆಗೆದ. ತಿಂಗಳುಗಟ್ಟಲೆ ಕಟಕಟ ಎನ್ನುತ್ತಿದ್ದ, ಮುಂದಿನ ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಸರಿಯಾಗಿ ಗೇಟಿನ ಬಳಿ ಕಳಚಿಕೊಂಡಿತು. ಎಡಗಡೆಯ ಚಕ್ರ ಉಳುಕಿದ ಪಾದದಂತೆ ಅಡ್ಡಕ್ಕೆ ವಾಲಿತು. ಕಾರು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು.

ಮಲ್ಲಿಗೆ ಮುಡಿಸಿಕೊಳ್ಳುತ್ತಿದ್ದ ಬಿಂದುಶ್ರೀ ಸದ್ದು ಕೇಳಿ ಬಾಲ್ಕನಿಗೆ ಓಡಿ ಬಂದಳು. ಕೆಳಗೆ ಗೋಪಾಲಪ್ಪ ಪಂಚೆ ಎತ್ತಿ ಕಟ್ಟಿ ಕೂಗಾಡುತ್ತಿದ್ದರು.

“ಅಲ್ಲ ಕಣಪ್ಪ, ಇವತ್ತೇ ಮುರ್ಕಂಡ್ ಬೀಳ್ಬೇಕಿತ್ತಾ ಇದು? ರಾವುಕಾಲಕ್ ಮುಂಚೆ ನೋಡೋ ಸಾಸ್ತ್ರ ಮುಗೀಬೇಕು. ಅವ್ರು ಕಾಡುಗೋಡಿ ಬಿಟ್ಟಾಯ್ತಂತೆ.”

“ಹೊಸ ಜಾಯಿಂಟ್ ತಂದಿಟ್ಟೀನ್ರಿ ಸರ್. ಲಗೂನ ಹಾಕಿಬಿಡ್ತೀನಿ.”

“ತಂದು ಎಷ್ಟು ದಿನ ಆಯ್ತು?” ಎಂದು ಬಿಂದುಶ್ರೀ ಮೇಲಿನಿಂದ ಕೇಳಿದಳು.

ಅವನು ತಲೆಯೆತ್ತಿದ. ರೇಷ್ಮೆ ಸೀರೆಯಲ್ಲಿ ಅವಳನ್ನು ಕಂಡದ್ದು ಅದೇ ಮೊದಲು. ಅವನ ಕಣ್ಣು ಸೆರಗಿನಿಂದ ಹೂವಿಗೆ, ಹೂವಿನಿಂದ ಮೂಗುಬೊಟ್ಟಿಗೆ ಹೋಗಿ ಅಲ್ಲೇ ನಿಂತಿತು. ಜಾಕಿನ ಹ್ಯಾಂಡಲ್ ಕೈಜಾರಿ ಅವನದೇ ಕಾಲ ಮೇಲೆ ಬಿತ್ತು. ತಂದಿಟ್ಟುಕೊಂಡು ಹಾಕದೇ ಇರುವುದು ಅವನ ಹುಟ್ಟುಗುಣ, ಮನಸ್ಸಿನೊಳಗಿನ ಮಾತಿಗೂ ಅದೇ ಗತಿ ಎಂದು ಅವಳು ಹಲ್ಲು ಕಡಿದಳು.

ಅಷ್ಟರಲ್ಲಿ ಬಿಳಿ ಕಾರೊಂದು ಗೇಟಿನ ಹೊರಗೆ ಬಂದು ನಿಂತೇಬಿಟ್ಟಿತು. ಹುಡುಗ ಲೋಕೇಶ್, ಅವನ ತಾಯಿ, ಸೋದರಮಾವ ಇಳಿದು ಬಿಸಿಲಲ್ಲಿ ನಿಂತರು. ಗೋಪಾಲಪ್ಪನವರಿಗೆ ಬೆವರು ಕಿತ್ತುಕೊಂಡಿತು.

“ನುಗ್ಗಪ್ಪ, ಬೇಗ ನುಗ್ಗು. ಜಾಕ್ ಐತಲ್ಲ, ಸಾಕು.”

ಓನರ್ ಹೇಳಿದ ಮೇಲೆ ಮುಗಿಯಿತು. ಹನುಮೇಶ ಕಾರು ಎತ್ತಿದ, ಚಕ್ರ ಬಿಚ್ಚಿದ, ಗೋಣಿಚೀಲ ಹಾಸಿಕೊಂಡು ಸೊಂಟದವರೆಗೆ ಅಡಿಗೆ ಹೋದ.

ಬಿಂದುಶ್ರೀ ಮೆಟ್ಟಿಲಿಳಿದು ಓಡಿದಳು. “ಒಳಕ್ ಓಗೇ, ಅವ್ರು ನೋಡ್ತಾವ್ರೆ,” ಎಂದು ತಾಯಿ ಭದ್ರಮ್ಮ ಸೆರಗು ಹಿಡಿದರೂ ಬಿಡಿಸಿಕೊಂಡಳು. ಬಗ್ಗಿ, ಹನುಮೇಶನ ಎರಡೂ ಕಾಲು ಹಿಡಿದು, ಗೋಣಿಚೀಲದ ಸಮೇತ ಹೊರಗೆಳೆದಳು.

“ಬುದ್ಧಿ ಇದ್ಯಾ ನಿಮಗೆ? ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲಿಲ್ಲ, ಹ್ಯಾಂಡ್‌ಬ್ರೇಕ್ ಎಳೆದಿಲ್ಲ, ಬರೀ ಜಾಕ್ ನಂಬ್ಕೊಂಡು ಎದೆ ಕೊಡ್ತೀರಲ್ರೀ.”

“ಏನೂ ಆಗಿಲ್ವಲ್ಲವ್ವ,” ಎಂದರು ಗೋಪಾಲಪ್ಪ.

ನಿಜ, ಏನೂ ಆಗಿರಲಿಲ್ಲ. ಕಾರು ಜಾಕಿನ ಮೇಲೆ ಕಲ್ಲುಗುಂಡಿನಂತೆ ಕೂತಿತ್ತು. ಅದು ಅವಳಿಗೆ ಇನ್ನಷ್ಟು ಉರಿ ಹತ್ತಿಸಿತು. ಏನೂ ಆಗಿಲ್ಲವಲ್ಲ ಎನ್ನುವ ಮಾತನ್ನು ದಿನಾ ಕೇಳಿ ಕೇಳಿ ಸಾಕಾಗಿತ್ತು.

“ಆದ್ಮೇಲೆ ಏನ್ ಮಾಡ್ಲಿ ಅಪ್ಪಾ? ನಿಂಗೆ ಇನ್ನೊಬ್ಬ ಬಾಡಿಗೆಯವನು ಸಿಗ್ತಾನೆ. ನಂಗೆ ಇವ್ರು ಎಲ್ಲಿ ಸಿಗ್ತಾರೆ?”

ಹೇಳಿದ ಮೇಲೆಯೇ ತಾನು ಏನು ಹೇಳಿದೆ ಎಂಬುದು ಅವಳಿಗೆ ಕೇಳಿಸಿತು. ಗೇಟಿನ ಆಚೆಯವರಿಗೂ ಕೇಳಿಸಿತ್ತು. ಹುಡುಗನ ತಾಯಿ ಮುಖ ತಿರುಗಿಸಿದರು. ಲೋಕೇಶ್ ಮಾತ್ರ ಕಾರನ್ನೂ ಗೋಣಿಚೀಲದ ಮೇಲೆ ಕೂತಿದ್ದವನನ್ನೂ ನೋಡಿ ಸಣ್ಣಗೆ ನಕ್ಕ.

“ನಡಿ ಅಮ್ಮ, ಹೋಗೋಣ,” ಎಂದ. ಹೊರಡುವ ಮುನ್ನ ಹನುಮೇಶನ ಕಡೆ ಬಗ್ಗಿ, “ಬ್ರದರ್, ಮೊದ್ಲು ಹ್ಯಾಂಡ್‌ಬ್ರೇಕ್ ಹಾಕಿ,” ಎಂದ.

ಬಿಳಿ ಕಾರು ಹೋಯಿತು. ಗೋಪಾಲಪ್ಪ ಜಗುಲಿಯ ಮೇಲೆ ಕುಸಿದು ಕೂತರು. “ಎಲ್ಲಿಯ ಕೊಪ್ಪಳ, ಎಲ್ಲಿಯ ವರ್ತೂರು,” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಹನುಮೇಶ ತುಟಿ ಬಿಚ್ಚಲಿಲ್ಲ. ಈಗಲೂ ಇಲ್ಲ! ಬಿಂದುಶ್ರೀಗೆ ಅಳುವೇ ಬಂತು, ಅತ್ತರೆ ಇವನಿಗಾಗಿ ಅತ್ತಂತಾಗುತ್ತದೆ ಎಂದು ತಡೆದುಕೊಂಡಳು.

“ಆಯುಧಪೂಜೆಗೆ ಜೋಡಿ ಸ್ಟ್ಯಾಂಡ್ ಕೊಟ್ಟಿದ್ದೆ. ಕಾರನ್ನ ಎತ್ತಿ ಅದರ ಮೇಲೆ ಕೂರಿಸಿ ಅಂತ. ಎಲ್ಲಿವೆ ಅವು?”

“ಮ್ಯಾಲ ಅದಾವ್ರಿ.”

ಅವಳೇ ಹತ್ತಿ ಹೋದಳು. ಅವನ ರೂಮಿನ ದೇವರ ಗೂಡಿನ ಮುಂದೆ ಎರಡು ಕಬ್ಬಿಣದ ಸ್ಟ್ಯಾಂಡು ಹೊಸದಾಗಿಯೇ ಹೊಳೆಯುತ್ತ ನಿಂತಿದ್ದವು. ಒಂದೊಂದಕ್ಕೂ ಅರಿಸಿನ ಕುಂಕುಮ. ತಲೆಯ ಮೇಲೆ ಇವತ್ತಿನ ಕನಕಾಂಬರ.

ಹಿಂದೆಯೇ ಬಂದ ಹನುಮೇಶ ಬಾಗಿಲಲ್ಲಿ ನಿಂತ. “ನೀವು ಕೊಟ್ಟಿದ್ರಲ್ರಿ. ಮಸಿ ಹತ್ತಬಾರದಂತ...”

ಬಿಂದುಶ್ರೀ ಹಣೆ ಚಚ್ಚಿಕೊಂಡಳು. ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದವು. ಅವನ ಮೇಲೆ ಇಷ್ಟೊಂದು ಪ್ರೀತಿ, ಇಷ್ಟೊಂದು ಸಿಟ್ಟು ಒಂದೇ ಸಲಕ್ಕೆ ಎಂದೂ ಬಂದಿರಲಿಲ್ಲ. “ಪೂಜೆ ಮಾಡೋಕಲ್ಲ ಕೊಟ್ಟಿದ್ದು,” ಎಂದಳು. “ನೀವು ಜೀವಂತ ಇರ್ಬೇಕು ಅಂತ ಕೊಟ್ಟಿದ್ದು.”

ಸ್ಟ್ಯಾಂಡುಗಳು ಕುಂಕುಮದ ಸಮೇತ ಕೆಳಗಿಳಿದು ಬಂದವು. ಗೋಪಾಲಪ್ಪ ಆ ಕುಂಕುಮವನ್ನು ನೋಡಿದರು, ಮಗಳ ಮುಖ ನೋಡಿದರು. ಸ್ವಲ್ಪ ಹೊತ್ತಿಗೆ ಎದ್ದು, ತಾವೇ ಹುಡುಕಿ ಸೈಜುಗಲ್ಲುಗಳನ್ನು ತಂದು ಹಿಂದಿನ ಚಕ್ರಗಳಿಗೆ ಮುಂದೊಂದು ಹಿಂದೊಂದು ಒತ್ತರಿಸಿದರು.

ಹ್ಯಾಂಡ್‌ಬ್ರೇಕ್ ಬಿತ್ತು. ಗೇರು ಬಿತ್ತು. ಬಿಂದುಶ್ರೀ ತೋರಿಸಿದ ಗಟ್ಟಿ ಜಾಗಗಳಿಗೆ ಹನುಮೇಶ ಎಡಬಲ ಸ್ಟ್ಯಾಂಡು ಕೊಟ್ಟು, ಭಾರವೆಲ್ಲ ಅವುಗಳ ಮೇಲೆ ಕೂರುವವರೆಗೆ ಜಾಕನ್ನು ನಿಧಾನ ಇಳಿಸಿದ. ಗೋಪಾಲಪ್ಪ ಬಾನೆಟ್ಟಿಗೆ ಎರಡೂ ಕೈ ಕೊಟ್ಟು ಅಲ್ಲಾಡಿಸಿ ನೋಡಿದರು. ಮಿಸುಕಲಿಲ್ಲ.

“ಈಗ ಹೋಗಿ,” ಎಂದಳು ಅವಳು.

ಹನುಮೇಶ ಅಡಿಗೆ ಹೋದ. ಒಂದಷ್ಟು ಹೊತ್ತು ಸ್ಪ್ಯಾನರಿನ ಸದ್ದು ಬಂತು. ಆಮೇಲೆ ಸದ್ದು ನಿಂತು ದನಿ ಬಂತು.

“ಸರ್, ನನಗ ಬಿಂದು ಅಂದ್ರ ಜೀವ್ರಿ. ಅವರನ್ನ ನನಗ ಕೊಡ್ರಿ.”

“ಅದನ್ನ ಹೊರಗೆ ಬಂದು ಹೇಳೋಕೇನ್ರೀ ಕಷ್ಟ?” ಎಂದಳು ಬಿಂದುಶ್ರೀ.

“ಹೊರಗ ಬಂದ್ರ ನಿಮ್ಮ ಮಾರಿ ನೋಡಿ ಮಾತು ನಿಂತುಬಿಡತಾವ್ರಿ.”

ಗೋಪಾಲಪ್ಪ ಕುಕ್ಕರಗಾಲಲ್ಲಿ ಕೂತು ಕಾರಿನ ಅಡಿಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

“ನಟ್ ಸರಿಯಾಗ್ ಬಿಗಿಯಪ್ಪ,” ಎಂದರು ಕೊನೆಗೆ. “ನಿಮ್ಮಪ್ಪ ಅವ್ವನ್ನ ಕರ್ಕಂಬರಾಕೆ ಇದೇ ಕಾರಲ್ವಾ ಓಗೋದು.”

ಅವರು ಎದ್ದು ಒಳಗೆ ಹೋದ ಮೇಲೆ ಬಿಂದುಶ್ರೀ ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕೂತು ಕಣ್ಣೊರೆಸಿಕೊಂಡಳು. ಕಾರಿನ ಅಡಿಯಿಂದ ಮಸಿ ಮೆತ್ತಿದ ಕೈಯೊಂದು ಹೊರಗೆ ಬಂದು ಅವಳ ಬೆರಳು ಹಿಡಿಯಿತು.

“ಮೊದಲು ನಟ್ ಬಿಗೀರಿ,” ಎಂದು ಗದರಿದಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.