ಕಿವಿಗೊಂದು ತುಂಡು ಹತ್ತಿ

ಜ್ವರವೆಂದು ಸುಳ್ಳು ಹೇಳಿ ಬಂದವಳಿಗೆ ಈಗ ನಿಜವಾಗಿಯೂ ಮೈ ಬಿಸಿಯಾಗತೊಡಗಿತ್ತು. ಹೊಲಿಗೆ ಅಂಗಡಿಯ ಓನರಮ್ಮ ಕೊಟ್ಟ ಟಿಕೆಟ್ಟು, ಒಂದೇ ಒಂದು. ರೇಸ್ ಟ್ರ್ಯಾಕಿನ ಹೊಸ ಸ್ಟ್ಯಾಂಡು, ತಲೆ ಮೇಲೆ ನೆರಳು, ಮೆತ್ತನೆಯ ಕುರ್ಚಿ, ಎದುರಿಗೆ ಮನೆಯಷ್ಟು ದೊಡ್ಡ ಪರದೆ. ಒಮ್ಮೆಯಾದರೂ ಹೀಗೆ ಕೂತು ಬೈಕ್ ರೇಸ್ ನೋಡಬೇಕೆಂಬ ಆಸೆ ಅವಳನ್ನು ಕೆಡಿಸಿತ್ತು.

ಪ್ರತಿ ವರ್ಷ ಅವಳು ನಿಲ್ಲುತ್ತಿದ್ದುದು ಆಚೆ ತಿರುವಿನಲ್ಲಿ, ತಂತಿ ಬೇಲಿಗೆ ಮೂಗು ತಾಗಿಸಿಕೊಂಡು. ಬಿಸಿಲು, ಧೂಳು, ಸುಟ್ಟ ರಬ್ಬರಿನ ವಾಸನೆ. ಅವನು ಸಿಕ್ಕಿದ್ದೂ ಅಲ್ಲೇ. ಹಲ್ಲಿನ ಕ್ಲಿನಿಕ್ಕಿನ ಅಸಿಸ್ಟೆಂಟು. ಬೈಕುಗಳು ಗುಡುಗಿದಾಗ ಬೆಚ್ಚಿಬಿದ್ದವಳಿಗೆ ಜೇಬಿನಿಂದ ಎರಡು ತುಂಡು ಹತ್ತಿ ತೆಗೆದು ಕೊಟ್ಟಿದ್ದ. ಅಂದಿನಿಂದ ಅವನು ಅವಳ ಬಾಯಲ್ಲಿ ‘ಹಲ್ಲು ಡಾಕ್ಟ್ರು’, ಅವಳು ಅವನ ಬಾಯಲ್ಲಿ ‘ಟೈಲರಮ್ಮ’. ಆ ಬೇಲಿಗೆ ಇದೇ ಕೊನೆಯ ವರ್ಷ, ಮುಂದಿನ ಸಲ ಅಲ್ಲೂ ಸ್ಟ್ಯಾಂಡು ಏಳುತ್ತದೆ. ಕೊನೆಯ ರೇಸನ್ನು ಇಬ್ಬರೂ ಅಲ್ಲೇ ನಿಂತು ನೋಡುವುದೆಂದು ಮಾತಾಗಿತ್ತು.

ಅವನ ಫೋನ್ ಬಂತು. ಅವಳು ಎತ್ತಿದವಳೇ ಗದ್ದಲ ಕೇಳಿಸದಂತೆ ಮ್ಯೂಟ್ ಮಾಡಿದಳು.

“ಮಾತಾಡ್ಬೇಡ, ಸುಸ್ತಾಗುತ್ತೆ. ಸುಮ್ನೆ ಮಲಗಿ ಕೇಳು. ಇಲ್ಲಿಂದ ಸದ್ದು ಕೇಳಿಸ್ತೀನಿ.”

ಅಷ್ಟರಲ್ಲಿ ಪರದೆಯ ಮೇಲೆ ಆ ತಿರುವು ಬಂತು. ಬೇಲಿಯುದ್ದಕ್ಕೂ ಎಲ್ಲರೂ ವಿಡಿಯೋ ತೆಗೆಯುವವರೇ. ನಡುವೆ ಒಬ್ಬ ಮಾತ್ರ ಫೋನಿನ ಬುಡವನ್ನು ತಂತಿಯ ಸಂದಿಗೆ ತೂರಿಸಿ ಹಿಡಿದಿದ್ದ. ಅವನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿಯಿತ್ತು. ಪುಣ್ಯಾತ್ಮನಿಗೆ ಫೋನ್ ಹಿಡಿಯೋಕೂ ಬರಲ್ಲ ಎಂದು ಪಕ್ಕದ ಕುರ್ಚಿಯವರು ನಕ್ಕರು.

ಅವಳ ಕಿವಿಯಲ್ಲಿ ಬೈಕುಗಳು ಗುಡುಗಿದವು. ಇಂಥವನಿಗೆ ಸುಳ್ಳು ಹೇಳಿದೆನಲ್ಲ, ನನ್ನ ಬಾಯಿಗೆ ಹುಳ ಬೀಳ. ರೇಸು ಮುಗಿಯುವವರೆಗೆ ಕಾಯದೆ ಅವಳು ಎದ್ದು ಆ ತಿರುವಿನತ್ತ ನಡೆದಳು.

ಬೇಲಿಯ ಹತ್ತಿರ ಅವಳನ್ನು ಕಂಡವನೇ ಹಣೆ ಮುಟ್ಟಿ ನೋಡಿದ. ಜ್ವರ ಇಟ್ಕೊಂಡು ಬಿಸಿಲಿಗೆ ಯಾಕೆ ಬಂದೆ ಎಂದು ಗದರಿದ.

“ಜ್ವರ ಇಲ್ಲ. ಸ್ಟ್ಯಾಂಡಲ್ಲಿ ಕೂತಿದ್ದೆ. ನೀನು ಪರದೆ ಮೇಲೆ ಕಂಡೆ.”

ಅವನ ಕೈ ಹಿಂದೆ ಸರಿಯಿತು. ಇನ್ನೂ ನಡೆಯುತ್ತಿದ್ದ ಕರೆಯನ್ನು ಕಟ್ ಮಾಡಿದ. ದೂರದಲ್ಲಿ ಬೈಕುಗಳ ಸದ್ದು ಕೇಳಿಸಿತು. ರೂಢಿಯಂತೆ ಅವನು ಜೇಬಿನಿಂದ ಹತ್ತಿ ತೆಗೆದ.

“ಬೇಡ,” ಎಂದಳು. “ನೀನು ಬೈಯೋದು ಕೇಳಿಸ್ಬೇಕು.”

“ಮೊದ್ಲು ಕಿವಿ ಮುಚ್ಕೋ. ಬೈಯೋಕೆ ಆಮೇಲೂ ಟೈಮ್ ಇದೆ.”

ಬೈಕುಗಳು ಹೋದವು. ಹತ್ತಿ ತೆಗೆದು ಕಾದಳು. ಅವನು ಬೈಯಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

“ನನ್ನ ಕೇಳಿದ್ದಿದ್ರೆ, ಸ್ಟ್ಯಾಂಡಿಗೆ ಹೋಗು ಅಂತಿದ್ದೆ,” ಎಂದ ಕೊನೆಗೆ.

“ಗೊತ್ತು. ಇಲ್ಲಿ ನೀನೊಬ್ಬನೇ ನಿಲ್ತೀಯ ಅಂತಾನೂ ಗೊತ್ತಿತ್ತು. ಅದನ್ನ ನೋಡೋ ಧೈರ್ಯ ಇರ್ಲಿಲ್ಲ, ಅದಕ್ಕೇ ಸುಳ್ಳು ಹೇಳ್ದೆ.”

“ನೋಡಿದೆಯಲ್ಲ, ಮನೆಯಷ್ಟು ದೊಡ್ಡದಾಗಿ.”

ಅಳುತ್ತಲೇ ಅವಳಿಗೆ ನಗು ಬಂತು. ನೀನಿಲ್ಲದ ನೆರಳು ಇನ್ನು ನನಗೆ ಬೇಡ ಎಂದಳು. ಬೈಕುಗಳು ಮತ್ತೆ ಬರುತ್ತಿದ್ದವು. ಈ ಸಲ ಹತ್ತಿಯನ್ನು ಅವನೇ ಅವಳ ಕಿವಿಗೆ ಇಟ್ಟ.