ತೊಳೆದರೂ ಹೋಗದ ರಕ್ತ

ಮಾರ್ಕೆಟ್ಟಿನ ಮೀನಂಗಡಿಯವನು ತನ್ನದೇ ಐಸ್ ಪೆಟ್ಟಿಗೆಯಲ್ಲಿ, ಮೀನುಗಳ ನಡುವೆ, ಕುತ್ತಿಗೆ ಅರ್ಧ ಕಡಿದು ಬಿದ್ದಿದ್ದ. ಅಕ್ಕನ ಜೊತೆ ಬೆಳ್ಳಂಬೆಳಗ್ಗೆ ಮೀನಿಗೆ ಬಂದಿದ್ದ ಹಲ್ಲಿನ ಡಾಕ್ಟರು ಒಮ್ಮೆ ಇಣುಕಿ, ಖಾಲಿ ಚೀಲವನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದರು. ದಿನಾ ರಕ್ತ ನೋಡುವವರಿಗೆ ಇದೇನು ಮಹಾ ಎಂದು ಯಾರಾದರೂ ಅಂದಿದ್ದರೆ ಅವರ ಹಲ್ಲನ್ನು ಅಲ್ಲೇ ಕಿತ್ತುಬಿಡುತ್ತಿದ್ದರು. ಅಕ್ಕ ಮಾತ್ರ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡುತ್ತಲೇ ಇದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದರೂ ಠಾಣೆಯವರಿಗೆ ತಲೆ ಕೆಟ್ಟಾಗಲೆಲ್ಲ ಅವರ ನೆನಪಾಗುತ್ತಿತ್ತು.

"ಅಮ್ಮಾ, ನನ್ನ ಗಂಡನ್ನ ಸಾಯಿಸಿಬಿಡ್ತಾರೆ, ಬನ್ನಿ," ಎಂದು ಒಬ್ಬ ಹೆಂಗಸು ಅವರ ಕೈ ಹಿಡಿದಳು.

ಅವಳ ಗಂಡ ಎದುರಿನ ಮಾಂಸದಂಗಡಿಯವನು. ಎಲ್ಲರ ಬಾಯಲ್ಲೂ ಮಟನ್ ಮಾವ. ವ್ಯಾಪಾರಿಗಳು ಅವನನ್ನು ಕಂಬಕ್ಕೆ ಕಟ್ಟಿ, ತೂಕದ ಕಲ್ಲಿನಿಂದ ಬಲಗೈ ಜಜ್ಜಿದ್ದರು. ಬೆರಳುಗಳು ಒಂದೊಂದು ದಿಕ್ಕಿಗೆ ತಿರುಗಿದ್ದವು. ಕೊಲೆ ಆಗಿದ್ದು ಅವನ ಮಚ್ಚಿನಿಂದ, ಅವನು ಮಾಂಸ ಕಡಿಯುವ ಮರದ ದಿಮ್ಮಿಯ ಮೇಲೆ. ಹಿಂದಿನ ಸಂಜೆ ಮೋರಿ ನೀರಿನ ವಿಚಾರಕ್ಕೆ ಇಬ್ಬರೂ ಕೈಕೈ ಮಿಲಾಯಿಸಿದ್ದರು. ಇನ್ಸ್‌ಪೆಕ್ಟರ್ ಬಂದದ್ದರಿಂದ ಅವನ ಜೀವ ಉಳಿದಿತ್ತು, ಆದರೆ ಕಲ್ಲು ಹಿಡಿದವರು ಇನ್ನೂ ಕದಲಿರಲಿಲ್ಲ.

"ನಾನು ಬಂದಾಗಲೇ ಎಲ್ಲಾ ಮುಗಿದಿತ್ತು," ಎಂದು ಅವನು ನರಳಿದ.

ಅಕ್ಕ ದಿಮ್ಮಿಯ ಮೇಲೆ ಬೆರಳಾಡಿಸಿದರು. ಗೀರುಗಳಲ್ಲಿ ಕಂದು ಬಣ್ಣದ್ದೇನೋ ಬೆಂದ ಮೊಟ್ಟೆಯ ಹಾಗೆ ಗಟ್ಟಿಯಾಗಿ ಕೂತಿತ್ತು.

"ತೊಳೆದಿದ್ದಾನೆ, ಹೋಗಿಲ್ಲ," ಎಂದರು ಇನ್ಸ್‌ಪೆಕ್ಟರ್. "ಅವನ ದಿಮ್ಮೀನ ಇನ್ಯಾರು ಮೇಡಂ ತೊಳೀತಾರೆ?"

ಡಾಕ್ಟರು ಪಕ್ಕದ ಟೀ ಅಂಗಡಿಗೆ ಹೋದರು. ಮಾರ್ಕೆಟ್ಟಿನಲ್ಲಿ ಎಲ್ಲರಿಗಿಂತ ಮೊದಲು ತೆರೆಯುವ ಅಂಗಡಿ ಅದು. ಟೀಯವನ ತಮ್ಮ ಸೊಟ್ಟಗಾದ ಬಲಗೈಯನ್ನು ಎದೆಗೆ ಒತ್ತಿಕೊಂಡು ಎಡಗೈಯಲ್ಲಿ ಲೋಟ ಜೋಡಿಸುತ್ತಿದ್ದ.

"ನೀರು ಈಗ ತಾನೇ ಇಟ್ಟಿದೀನಿ ಡಾಕ್ಟ್ರೇ, ಕಾಯ್ಬೇಕು," ಎಂದ ಟೀಯವನು.

"ಒಲೆ ಕೆಳಗೆ ಬೂದಿ ಗುಡ್ಡೆ ಬಿದ್ದಿದೆ, ನೀರು ಈಗ ತಾನೇ ಇಟ್ಟಿದಾನಂತೆ, ಒಂದು ಲೋಟ ಟೀಗೆ ಗತಿ ಇಲ್ಲ," ಎಂದು ಡಾಕ್ಟರು ಅಕ್ಕನ ಬಳಿ ಬಂದು ಗೊಣಗಿದರು. ಅಕ್ಕ ಅವರನ್ನೇ ದಿಟ್ಟಿಸಿ, "ಈ ಬಾಯಿಚಪಲ ಒಂದು ದಿನವಾದ್ರೂ ಕೆಲಸಕ್ಕೆ ಬಂತಲ್ಲೋ," ಎಂದರು.

ಸ್ವಲ್ಪ ಹೊತ್ತಿಗೆ ಅವರು ಎಲ್ಲರನ್ನೂ ದಿಮ್ಮಿಯ ಸುತ್ತ ಸೇರಿಸಿದರು. "ಮೊದಲು ಆ ಕಂಬದ ಕೆಳಗಿನ ರಕ್ತ ತೊಳೀರಪ್ಪ, ಕಾಲು ಜಾರುತ್ತೆ."

ಕೋಳಿ ಅಂಗಡಿಯವನು ನಲ್ಲಿಗೆ ಬಕೆಟ್ ಹಿಡಿದ. ಟೀಯವನು ಹಬೆಯಾಡುವ ಕೆಟಲ್ ತಂದ. ಅಕ್ಕ ಅವನ ಮಣಿಕಟ್ಟು ಹಿಡಿದರು.

"ನೀನೇ ಹೇಳಪ್ಪ, ರಕ್ತಕ್ಕೆ ಯಾವ ನೀರು?" ಎಂದು ಕೋಳಿಯವನನ್ನು ಕೇಳಿದರು.

"ತಣ್ಣೀರು ತಾಯಿ. ಬಿಸಿನೀರು ಬಿದ್ರೆ ಅಲ್ಲೇ ಬೆಂದು ಕೂತ್ಕೊಳ್ಳುತ್ತೆ."

"ಈ ದಿಮ್ಮಿ ಮೇಲೆ ಬೆಂದು ಕೂತಿದೆ. ಮಾಂಸ ಕಡಿಯೋನು ನಿದ್ದೆಗಣ್ಣಲ್ಲೂ ಈ ತಪ್ಪು ಮಾಡಲ್ಲ. ಅಷ್ಟು ಹೊತ್ತಿಗೆ ಇಲ್ಲಿ ಬಿಸಿನೀರಿದ್ದಿದ್ದು ಒಬ್ಬನ ಹತ್ತಿರ. ಒಲೆ ಆಗಲೇ ಉರಿದು ಬೂದಿಯಾಗಿದೆ, ಆದರೂ ಅವನು ಹೊಸದಾಗಿ ನೀರು ಇಡ್ಬೇಕಾಯ್ತು. ಕಾದಿದ್ದ ನೀರೆಲ್ಲ ಎಲ್ಲಿಗೆ ಹೋಯ್ತು? ಯಾಕೆ ಕೊಂದ ಅನ್ನೋದು, ಕಲ್ಲಲ್ಲಿ ಜಜ್ಜಿದ ಹಾಗಿರೋ ಅವನ ತಮ್ಮನ ಕೈ ನೋಡಿದ್ರೆ ಗೊತ್ತಾಗುತ್ತೆ ಅನ್ಸುತ್ತೆ. ಏನಪ್ಪಾ?"

ಟೀಯವನ ಕೈಯಿಂದ ಕೆಟಲ್ ಜಾರಿತು. "ನನ್ನ ತಮ್ಮ ಒಂದು ಮೀನು ಎತ್ಕೊಂಡ ಅಂತ ಆ ಮೀನಿನವನು ಅವನ ಕೈನ ತೂಕದ ಕಲ್ಲಲ್ಲಿ ಜಜ್ಜಿದ್ದ. ಬಟ್ಟೆ ಹೊಲೀತಿದ್ದ ಕೈ ಅದು. ಇವತ್ತು ಈ ದಿಮ್ಮಿ ಮೇಲೆ ಕೂತು, ನಾನು ಕೊಟ್ಟ ಟೀ ಕುಡೀತಾ, 'ನಿನ್ನ ತಮ್ಮ ಈಗ ಚಮಚನಾದ್ರೂ ಹಿಡೀತಾನಾ' ಅಂತ ನಕ್ಕ. ಮಚ್ಚು ಪಕ್ಕದಲ್ಲೇ ಇತ್ತು. ಬೀಸಿದೆ. ಹೆಣಾನ ಅವನ ಪೆಟ್ಟಿಗೆಗೇ ಹಾಕಿ, ಕಾದಿದ್ದ ನೀರೆಲ್ಲ ದಿಮ್ಮಿಗೆ ಸುರಿದೆ."

"ಅಂಥದ್ದೇ ಕಲ್ಲಲ್ಲಿ ಈ ಮಟನ್ ಮಾವನ ಕೈ ಜಜ್ಜೋವಾಗ ನೋಡ್ಕೊಂಡು ನಿಂತಿದ್ದೆಯಲ್ಲೋ," ಎಂದರು ಡಾಕ್ಟರು. ಅವರಿಗೆ ಮೈಯೆಲ್ಲ ಉರಿದಿತ್ತು.

ಗುಂಪು ಈಗ ಟೀಯವನ ಮೇಲೆ ನುಗ್ಗಿತು. ಮೊದಲ ಏಟಿಗೇ ಅವನ ತುಟಿ ಸೀಳಿತು. ಇನ್ಸ್‌ಪೆಕ್ಟರ್ ಲಾಠಿ ಅಡ್ಡ ಹಿಡಿದರು.

"ಬಿಡ್ರೋ ಅವನನ್ನ," ಎಂದಿತು ಕಂಬದ ಕಡೆಯಿಂದ ಒಂದು ದನಿ. ಹೆಂಡತಿ ಹಗ್ಗ ಬಿಚ್ಚಿದ್ದಳು. ಮಟನ್ ಮಾವ ನಜ್ಜುಗುಜ್ಜಾದ ಕೈಯನ್ನು ಎದೆಗೆ ಒತ್ತಿಕೊಂಡು, ಥೇಟ್ ಆ ತಮ್ಮನ ಹಾಗೆಯೇ ನಿಂತಿದ್ದ. "ಅವತ್ತು ನಿನ್ನ ತಮ್ಮನ್ನ ಹೆಗಲ ಮೇಲೆ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ದು ನಾನು ಕಣಯ್ಯ. ಒಂದು ಮಾತು ಹೇಳಿದ್ದಿದ್ರೆ ನನ್ನ ಕೈ ಉಳೀತಿತ್ತು."

ಟೀಯವನು ಆ ಕೈಯನ್ನು ನೋಡಿ, ಒದ್ದೆ ನೆಲದ ಮೇಲೆ ಕುಸಿದು ಕೂತ. ಅವನ ತಮ್ಮ ಲೋಟಗಳನ್ನು ಅಲ್ಲೇ ಬಿಟ್ಟು ಬಂದು, ಮಟನ್ ಮಾವನ ಬೆನ್ನಿಗೆ ತನಗೆ ಉಳಿದಿದ್ದ ಒಂದೇ ಕೈಯ ಆಸರೆ ಕೊಟ್ಟು, ಆಸ್ಪತ್ರೆಯ ದಾರಿ ಹಿಡಿದ.