ಮಿಲ್ಕಾನಾಳ ಹೆಸರಿನ ಜಿಗಿಹುಳು

ಕೀಟ ಸಂಶೋಧಕ ಲ್ಯುಬೆನ್ ಕಂಡುಹಿಡಿದ ಹೊಸ ಕುಲಕ್ಕೆ ಆಧಾರವಾಗಿದ್ದುದು ಆರು ಗಂಡು ಜಿಗಿಹುಳುಗಳು. ಮೂರು ಬೇಸಿಗೆಗಳ ಹಿಂದೆ ಸ್ತ್ರೂಮಾ ಕಣಿವೆಯ ಒಣ ಇಳಿಜಾರಿನಲ್ಲಿ ಅವನೇ ಬಲೆ ಬೀಸಿ ಹಿಡಿದವು. ಅಕ್ಕಿಕಾಳಿಗಿಂತ ಚಿಕ್ಕವು, ಒಣಹುಲ್ಲಿನ ಬಣ್ಣದವು, ಹಿಂಗಾಲಿನುದ್ದಕ್ಕೂ ಸಾಲುಮುಳ್ಳು. ಹೊರಗಿನಿಂದ ನೋಡಿದರೆ ಎಲ್ಲ ಒಂದೇ. ಯಾವುದು ಯಾವ ಕುಲದ್ದೆಂದು ತಿಳಿಯಬೇಕಾದರೆ ಗಂಡಿನ ಹೊಟ್ಟೆಯ ತುದಿಯನ್ನು ಕ್ಷಾರದಲ್ಲಿ ಕುದಿಸಿ, ಒಳಗಿನ ಜನನಾಂಗವನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಇವಕ್ಕೆ ಹತ್ತಿರದ ಹಳೆಯ ಕುಲವೊಂದರಲ್ಲಿ ಆ ಅಂಗದ ತುದಿಗೆ ಕೂದಲಿನಷ್ಟು ಸಣ್ಣ ಎರಡು ಬಾಲಗಳಿರುತ್ತವೆ. ಲ್ಯುಬೆನ್‌ನ ಆರರಲ್ಲಿ ಒಂದಕ್ಕೂ ಬಾಲವಿರಲಿಲ್ಲ.

ಚಿತ್ರ ಬರೆಯುತ್ತಿದ್ದವಳು ಮಿಲ್ಕಾನಾ. ಸೋಫಿಯಾದಲ್ಲಿ ಲ್ಯುಬೆನ್ ಕೆಲಸ ಮಾಡುತ್ತಿದ್ದ ಕೀಟ ಸಂಗ್ರಹಾಲಯಕ್ಕೆ ವಾರದಲ್ಲಿ ಮೂರು ದಿನ ಬರುತ್ತಿದ್ದಳು. ಮೈಕ್ರೋಸ್ಕೋಪಿಗೆ ಬಾಗಿದಾಗ ಎಡಗಣ್ಣು ಮುಚ್ಚುತ್ತಿದ್ದಳು. ತಲೆಯೆತ್ತಿದ ಮೇಲೂ ಆ ಕಣ್ಣು ಒಂದು ಕ್ಷಣ ಹಾಗೇ ಇದ್ದು, ನಿದ್ದೆ ತಿಳಿದಂತೆ ಮೆಲ್ಲನೆ ತೆರೆಯುತ್ತಿತ್ತು. ಲ್ಯುಬೆನ್ ಏನಾದರೊಂದು ನೆಪ ಮಾಡಿಕೊಂಡು ಆ ಹೊತ್ತಿಗೆ ಎದುರಿಗಿರುತ್ತಿದ್ದ. ಅವನಿಗೆ ನಲವತ್ತೆರಡು, ಅವಳಿಗೆ ಮೂವತ್ತೊಂಬತ್ತು. ಇಬ್ಬರೂ ಒಂಟಿ. ನಾಲ್ಕು ವರ್ಷದಲ್ಲಿ ಕಾಗದ, ಶಾಯಿ, ಕಾಫಿಯ ವಿಷಯ ಬಿಟ್ಟು ಬೇರೆ ಮಾತಾಡಿರಲಿಲ್ಲ.

ಏಪ್ರಿಲಿನಲ್ಲಿ ಅವನು ಲೇಖನದ ಹಸ್ತಪ್ರತಿಯನ್ನು ಅವಳ ಮೇಜಿನ ಮೇಲಿಟ್ಟು ಹೋದ. ಚಿತ್ರಗಳಡಿ ಹೆಸರು ಬರೆಯಲೆಂದು ಪುಟ ತಿರುವಿದಾಗ ಹೊಸ ಪ್ರಭೇದದ ಹೆಸರು ಕಂಡಿತು. ಮಿಲ್ಕಾನೆ. ಅವಳದೇ ಹೆಸರು, ಲ್ಯಾಟಿನ್ ಬಾಲದೊಂದಿಗೆ. ಅವಳು ಅದನ್ನು ಎರಡು ಸಲ ಓದಿ, ಮುಖ ತೊಳೆದುಕೊಂಡು ಬಂದಳು.

ಮಾರನೆಯ ದಿನ ನಾಲ್ಕನೆಯ ಹುಳುವಿನ ಚಿತ್ರ ತಿದ್ದುತ್ತಿದ್ದಾಗ ಅದರ ಹೊಟ್ಟೆಯೊಳಗೆ ಮಡಚಿಕೊಂಡ ತೆಳು ಪೊರೆಯೊಂದು ಕಾಣಿಸಿತು. ಒಂದು ಬಗೆಯ ನೊಣದ ಮರಿಹುಳು ಬಿಟ್ಟುಹೋದ ಚರ್ಮ ಅದು. ಆ ನೊಣ ಜಿಗಿಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ, ಮರಿ ಒಳಗಿಂದಲೇ ತಿನ್ನುತ್ತದೆ, ಹಾಗೆ ತಿನ್ನಿಸಿಕೊಂಡ ಗಂಡಿನ ಅಂಗ ಪೂರ್ತಿ ಬೆಳೆಯುವುದಿಲ್ಲ. ಉಳಿದ ಐದನ್ನೂ ನೋಡಿದಳು. ಎಲ್ಲದರಲ್ಲೂ ಅದೇ ಗುರುತು. ಹಾಗಾದರೆ ಹೊಸ ಕುಲವೂ ಇಲ್ಲ, ಹೊಸ ಪ್ರಭೇದವೂ ಇಲ್ಲ. ಬಾಲ ಬೆಳೆಯದ, ರೋಗ ಹತ್ತಿದ ಹಳೆಯ ಹುಳುಗಳು ಅಷ್ಟೆ.

ಮೂರು ದಿನ ಸುಮ್ಮನಿದ್ದಳು. ಹೇಳಿದರೆ ಅವನ ಹನ್ನೊಂದು ವರ್ಷದ ವೃತ್ತಿಯ ದೊಡ್ಡ ಲೇಖನ ಹೋಗುತ್ತಿತ್ತು, ಆ ಹೆಸರಿನ ಮೂಲಕ ಅವನು ಅವಳಿಗೆ ಹೇಳಿದ್ದ ಒಂದೇ ಒಂದು ಮಾತೂ ಹೋಗುತ್ತಿತ್ತು. ಹೇಳದಿದ್ದರೆ ಇಂದಲ್ಲ ನಾಳೆ ಬೇರೆ ಯಾರಾದರೂ ನೋಡಿ ಅವನನ್ನು ನಗೆಪಾಟಲು ಮಾಡುತ್ತಿದ್ದರು. ನಾಲ್ಕನೆಯ ದಿನ ಆರು ಸ್ಲೈಡುಗಳನ್ನೂ ಹಿಡಿದುಕೊಂಡು ಹೋಗಿ ಹೇಳಿದಳು.

ಲ್ಯುಬೆನ್ ಸ್ಲೈಡುಗಳ ಕಡೆ ನೋಡಲೂ ಇಲ್ಲ. "ಹೆಸರು ಇಷ್ಟ ಆಗ್ಲಿಲ್ಲ ಅಂತ ನೇರವಾಗಿ ಹೇಳ್ಬಹುದಿತ್ತು," ಎಂದ. "ಅದಕ್ಕೆ ಹುಳದ ಹೊಟ್ಟೆ ಬಗೀಬೇಕಾಗಿರ್ಲಿಲ್ಲ."

"ನಾನು ಕಂಡಿದ್ದನ್ನ ಬರೀತೀನಿ ಲ್ಯುಬೆನ್. ಬೇಕಾದ್ದನ್ನಲ್ಲ," ಎಂದು ಅವಳು ತನ್ನ ಕೋಣೆಗೆ ಹೋದಳು.

ಎಂಟು ದಿನ ಅವನು ಅವಳ ಕೋಣೆಯ ಕಡೆ ಬರಲಿಲ್ಲ. ಒಂಬತ್ತನೆಯ ದಿನ ಬಂದಾಗ ಅವಳ ಮೈಕ್ರೋಸ್ಕೋಪಿನ ಮುಂದೆ ಅವನು ಕೂತಿದ್ದ, ಪಕ್ಕದಲ್ಲಿ ಆರು ಸ್ಲೈಡುಗಳು. ಹಸ್ತಪ್ರತಿಯನ್ನು ಕಳಿಸುವುದಿಲ್ಲವೆಂದು ತಿಳಿಸಿ, ಎದ್ದು ಕುರ್ಚಿ ಬಿಟ್ಟುಕೊಟ್ಟ. ಜೂನಿನಲ್ಲಿ ಅದೇ ಇಳಿಜಾರಿಗೆ ಹೋಗಿ ಆರೋಗ್ಯವಂತ ಗಂಡುಗಳನ್ನು ಹಿಡಿದು ನೋಡಬೇಕು, ತನ್ನ ಕಣ್ಣಿಗಿಂತ ಅವಳ ಕಣ್ಣಿನ ಮೇಲೆ ನಂಬಿಕೆ ಹೆಚ್ಚು, ಬರುತ್ತೀರಾ ಎಂದು ಕೇಳಿದ. ಅವಳು ಬರುತ್ತೇನೆಂದು ತಲೆಯಾಡಿಸಿದಳು.

ಜೂನಿನ ಆ ಬೆಳಿಗ್ಗೆ ಅವನು ಬಲೆ ಬೀಸಿದ, ಅವಳು ಬಾಯಿಗೆ ಹೋಗದಂತೆ ಜಾಲರಿ ಕಟ್ಟಿದ ಗಾಜಿನ ಕೊಳವೆಯಿಂದ ಹುಳುಗಳನ್ನು ಒಂದೊಂದಾಗಿ ಹೀರಿ ಸೀಸೆಗೆ ತುಂಬಿದಳು. ಓಕ್ ಮರದಡಿ ಚಿಕ್ಕ ಮೈಕ್ರೋಸ್ಕೋಪನ್ನು ಪೆಟ್ಟಿಗೆಯ ಮೇಲಿಟ್ಟು, ಸ್ಪಿರಿಟ್ ದೀಪದ ಮೇಲೆ ಕ್ಷಾರದಲ್ಲಿ ಕುದಿಸಿ ಬಿಡಿಸಿದ ಮೊದಲ ಗಂಡಿನಲ್ಲೇ ಎರಡು ಬಾಲಗಳಿದ್ದವು. ಎರಡನೆಯದರಲ್ಲೂ ಇದ್ದವು, ಏಳನೆಯದರಲ್ಲೂ ಇದ್ದವು.

"ಹಳೇ ಕುಲಾನೇ," ಎಂದಳು ಮಿಲ್ಕಾನಾ. ಅವಳಿಗೆ ಗೆದ್ದ ಖುಷಿಯಾಗಲಿಲ್ಲ.

ಲ್ಯುಬೆನ್ ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟುಕೊಂಡ. "ಹೆಸರಿಟ್ಟು ಸುಮ್ಮನಾಗಿಬಿಡೋಣ ಅಂತಿದ್ದೆ. ನೀವೇ ಓದ್ಕೋತೀರಿ, ಅರ್ಥ ಮಾಡ್ಕೋತೀರಿ, ನಾನು ಬಾಯಿ ಬಿಡೋದು ಬೇಡ ಅಂತ. ಈಗ ಹೆಸರೂ ಇಲ್ಲ. ನೀವಂದ್ರೆ ನಂಗಿಷ್ಟ, ಮಿಲ್ಕಾನಾ. ನಾಲ್ಕು ವರ್ಷದಿಂದ."

ಅವಳು ಪೆನ್ನು ತೆಗೆದಳು. ಕೈಯಲ್ಲಿದ್ದ ಸೀಸೆಯ ಮೇಲೆ ದಿನಾಂಕ, ಊರು, ಗಿಡದ ಹೆಸರು ಬರೆದಳು. ಹಿಡಿದವರು ಎಂಬಲ್ಲಿ ಇಬ್ಬರ ಹೆಸರನ್ನೂ ಬರೆದಳು. ಅದು ವಾಡಿಕೆಯೇ ಆದ್ದರಿಂದ ಅವನಿಗೆ ಏನೂ ತಿಳಿಯಲಿಲ್ಲ.

ಮಧ್ಯಾಹ್ನ ಇಳಿದು ಹಳ್ಳಿಗೆ ಬಂದರು. ಪ್ರವಾಸಿಗಳಿಗೆ ಕೋಣೆ ಕೊಡುವ ಝೀವ್ಕಾ ಅಜ್ಜಿ ಇಬ್ಬರಿಗೂ ಮೊಸರು, ಚೀಸ್ ತುಂಬಿದ ಪದರದ ರೊಟ್ಟಿಯಾದ ಬಿಸಿ ಬಾನಿತ್ಸಾ ತಂದಿಟ್ಟಳು. ಲ್ಯುಬೆನ್ ಫೋನಿನಲ್ಲಿ ಹೇಳಿದ್ದಂತೆ ಎರಡು ಕೋಣೆಗಳ ಬೀಗದ ಕೈಗಳನ್ನೂ ಮೇಜಿನ ಮೇಲಿಟ್ಟಳು. ಆಮೇಲೆ ತನ್ನ ಏಪ್ರನ್ನಿಗೆ ಕೈಯೊರೆಸಿಕೊಂಡು, ಅವನನ್ನು ಮೇಲಿಂದ ಕೆಳಗೆ ನೋಡಿ, ಮಿಲ್ಕಾನಾಳನ್ನು ಕೇಳಿದಳು.

"ಇವ್ರು ನಿಂಗೇನಾಗ್ಬೇಕಮ್ಮಾ?"

ಲ್ಯುಬೆನ್ ಮೊಸರಿನ ಬಟ್ಟಲನ್ನೇ ನೋಡುತ್ತ, ತಾವು ಒಂದೇ ಕಡೆ ಕೆಲಸ ಮಾಡುವವರೆಂದು ಹೇಳತೊಡಗಿದ.

"ನಮ್ಮನೆಯವ್ರು," ಎಂದಳು ಮಿಲ್ಕಾನಾ.

ಅಜ್ಜಿ ಒಂದು ಬೀಗದ ಕೈಯನ್ನು ಎತ್ತಿಕೊಂಡು ಹೋಗಿ ಗೋಡೆಯ ಮೊಳೆಗೆ ತಗುಲಿಹಾಕಿದಳು.